‘ಆಧಾರ್ ವಾಟ್ಸಾಪ್ ಮಾಡಿ ಮೇಡಂ’

ಈಗಷ್ಟೇ ಜೆರಾಕ್ಸ್ ಅಂಗಡಿಯಿಂದ ಬಂದೆ. ತಲೆ ಕೆಟ್ಟಿದೆ, ಸ್ವಲ್ಪ ಜಾಸ್ತಿ ಮಾತಾಡಿದರೆ ಬೈಕೋಬೇಡಿ.

ಅಲ್ಲಿ ಗೋಡೆಗೆ ಒಂದು ಫೋನ್ ನಂಬರ್ ಅಂಟಿಸಿದ್ದಾರೆ. ಪ್ರಿಂಟ್ ಬೇಕಾದವರು ಅದಕ್ಕೆ ವಾಟ್ಸಾಪ್ ಮಾಡಬೇಕು. ಕಂಪ್ಯೂಟರ್ ಸ್ಕ್ರೀನು ಗಿರಾಕಿಗಳ ಕಡೆಗೇ ತಿರುಗಿದೆ. ನನ್ನ ಮುಂದಿದ್ದ ಅಜ್ಜನ ಫೈಲ್ ಹುಡುಕೋಕೆ ಅಂತ ಹುಡುಗ ಡೌನ್‌ಲೋಡ್ಸ್ ತೆಗೆದ ನೋಡಿ, ಯಾರದೋ ಪ್ಯಾನ್ ಕಾರ್ಡು, ಯಾರದೋ ಮಗಳ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಆಮೇಲೆ ಸಾಲು ಸಾಲು ಆಧಾರ್. ಮುಗಿಯಲೇ ಇಲ್ಲ. ‘ಇವನ್ನೆಲ್ಲ ಡಿಲೀಟ್ ಮಾಡಲ್ವೇನಪ್ಪಾ?’ ಅಂದೆ. ‘ಮತ್ತೆ ಕೇಳ್ಕೊಂಡು ಬರ್ತಾರೆ ಮೇಡಂ, ಇರ್ಲಿ ಅಂತ’ ಅಂದ. ಎಂಥಾ ಸೇವಾ ಮನೋಭಾವ!

ಹುಡುಗನ ಮೇಲೆ ಸಿಟ್ಟಿಲ್ಲ. ಸಿಟ್ಟು ಇರೋದು ಕೇಳುವವರ ಮೇಲೆ. ಲಾಡ್ಜಿಗೆ ಆಧಾರ್, ಪಿಜಿಗೆ ಆಧಾರ್. ಮೊನ್ನೆ ಕಲ್ಯಾಣ ಮಂಟಪದಲ್ಲೂ ಕೇಳಿದರು. ಮದುವೆ ಆಗುವವರದ್ದಲ್ಲ, ಅಡ್ವಾನ್ಸ್ ಕೊಡೋಕೆ ಹೋದ ನನ್ನದು! ಯಾಕೆ ಅಂದರೆ ‘ರೂಲ್ಸು’. ಯಾರ ರೂಲ್ಸು? ಗೊತ್ತಿಲ್ಲ. ಇಸ್ಕೊಂಡ ಕಾಪಿ ಎಲ್ಲಿಡ್ತೀರಿ, ಯಾವಾಗ ಹರಿದು ಹಾಕ್ತೀರಿ? ಅದಂತೂ ಕೇಳಲೇಬಾರದು.

‘ನಮ್ಮ ನಂಬರ್ ಇಟ್ಕೊಂಡು ಯಾರು ಏನ್ ಮಾಡ್ತಾರೆ’ ಅಂತ ನಮ್ಮ ಭಾವ ನಗುತ್ತಾರೆ. ಬರೀ ನಂಬರಿನಿಂದ ದುಡ್ಡು ತೆಗೆಯೋಕೆ ಆಗಲ್ಲ, ಒಪ್ಪಿದೆ. ಬೆರಳಚ್ಚು ಬೇಕು. ಅದೂ ಸಿಕ್ಕಿತಲ್ಲ 2023ರಲ್ಲಿ! ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ದುಡ್ಡು ಹೋಯಿತು. ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲ್‌ನಲ್ಲಿದ್ದ ಕ್ರಯಪತ್ರಗಳಲ್ಲಿ ಆಧಾರ್ ನಂಬರೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಕಳ್ಳರು ಅದನ್ನೇ ನಕಲು ಮಾಡಿ ಎಇಪಿಎಸ್‌ನಲ್ಲಿ, ಅಂದರೆ ಆಧಾರ್ ನಂಬರು, ಬೆರಳಚ್ಚು ಕೊಟ್ಟು ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆಯಲ್ಲಿ, ಒತ್ತಿದರು. ಅದರಲ್ಲಿ ಒಟಿಪಿ ಬರಲ್ಲ, ಪಿನ್ ಕೇಳಲ್ಲ. ಬ್ಯಾಂಕಿಲ್ಲದ ಹಳ್ಳಿಯಲ್ಲಿ ಪಿಂಚಣಿ ತೆಗೆಯೋ ಅಜ್ಜಿಗೆ ಸುಲಭ ಆಗುವ ವ್ಯವಸ್ಥೆ ಕಳ್ಳನಿಗೂ ಅಷ್ಟೇ ಸುಲಭ ಆಯಿತು. ದುಡ್ಡು ಕಳೆದುಕೊಂಡವರೇನು ಯಾರಿಗೋ ಒಟಿಪಿ ಹೇಳಿ ಕೆಟ್ಟವರಲ್ಲ. ಸರ್ಕಾರಿ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ.

ಮೇ 2022ರಲ್ಲಿ ಆಧಾರ್ ಕೊಡುವ ಯುಐಡಿಎಐನ ಬೆಂಗಳೂರು ಕಚೇರಿಯೇ ಆಧಾರ್ ಜೆರಾಕ್ಸ್ ಕಂಡಕಂಡಲ್ಲಿ ಕೊಡಬೇಡಿ, ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಹೇಳಿತ್ತು. ಎರಡೇ ದಿನಕ್ಕೆ ಆ ಪ್ರಕಟಣೆ ವಾಪಸ್! ಜನ ತಪ್ಪು ತಿಳಿದುಕೊಳ್ಳಬಹುದಂತೆ. ಹುಷಾರಾಗಿರಿ ಅನ್ನೋದರಲ್ಲಿ ತಪ್ಪು ತಿಳಿಯೋಕೆ ಏನಿದೆ ಮಾರಾಯ್ರೇ?

ಮಂಟಪದವರಿಗೆ ನಾನು ಮಾಸ್ಕ್ಡ್ ಆಧಾರನ್ನೇ ಕೊಟ್ಟೆ. ಮ್ಯಾನೇಜರ್ ಕನ್ನಡಕ ಹಾಕಿಕೊಂಡು, ತೆಗೆದು, ಬೆಳಕಿಗೆ ಹಿಡಿದು ನೋಡಿ, ‘ಪ್ರಿಂಟ್ ಸರಿ ಬಂದಿಲ್ಲಮ್ಮ, ನಂಬರೇ ಕಾಣ್ತಿಲ್ಲ, ಬೇರೆ ತನ್ನಿ’ ಅಂದರು. ನಾನು ವಾದ ಶುರು ಮಾಡಿದ್ದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಅಷ್ಟರಲ್ಲಿ ಭಾವ ‘ಸುಮ್ನೆ ಯಾಕೆ ಜಗಳ’ ಅಂತ ತಮ್ಮ ಪೂರ್ತಿ ಆಧಾರ್ ಅವರಿಗೆ ವಾಟ್ಸಾಪ್ ಮಾಡಿಯೇಬಿಟ್ಟರು. ಹಿಂದೆ ಮುಂದೆ ಎರಡೂ ಕಡೆ!

ರಾತ್ರಿ ಪಕ್ಕದಲ್ಲಿ ಕೂತು ಅವರ ಫೋನಿನಲ್ಲಿ ಎಂಆಧಾರ್ ಆ್ಯಪ್ ಹಾಕಿ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ, ಬೆರಳಚ್ಚು ಒತ್ತಿದರೂ ಆಧಾರ್ ಒಪ್ಪದ ಹಾಗೆ. ನೀವೂ ಮಾಡಿಕೊಳ್ಳಿ, ಬೇಕಾದಾಗ ತೆಗೆಯಬಹುದು. ಮಧ್ಯೆ ಒಟಿಪಿ ಬಂತು, ಎಷ್ಟು ಅಂತ ಕೇಳಿದೆ. ಭಾವ ಫೋನನ್ನು ಎದೆಗೆ ಒತ್ತಿಕೊಂಡು, ‘ಒಟಿಪಿ ಯಾರಿಗೂ ಹೇಳಬಾರದು ಅಂತ ನೀನೇ ಅಲ್ವಾ ಹೇಳಿದ್ದು?’ ಅಂದರು.