ಸರೋವರದ ದಡದಲ್ಲಿ ಟೆಂಟ್ ಬೇಡ

ಜುಲೈ ಬಂತೆಂದರೆ ಬೆಂಗಳೂರಿನ ಚಾರಣಿಗರ ಫೇಸ್‌ಬುಕ್ ಗೋಡೆಗಳ ಮೇಲೆ ಕಾಶ್ಮೀರದ ನೀಲಿ ಸರೋವರಗಳು ಕಾಣಿಸತೊಡಗುತ್ತವೆ. ಸೋನಾಮಾರ್ಗ್‌ ಕಡೆಯಿಂದ ಹೊರಟು ವಿಷನ್‌ಸರ್, ಕಿಷನ್‌ಸರ್, ಗಡ್‌ಸರ್, ಸತ್‌ಸರ್‌ಗಳನ್ನು ದಾಟಿ, ಹರಮುಖ ಶಿಖರದ ಬುಡದಲ್ಲಿರುವ ಗಂಗಾಬಲ್ ನೋಡಿಕೊಂಡು ನಾರಾನಾಗ್‌ಗೆ ಇಳಿಯುವ ದಾರಿ ಅದು. ಪೀರ್ ಪಂಜಾಲ್ ಶ್ರೇಣಿ ಮುಂಗಾರಿನ ಮೋಡಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ನಮ್ಮ ಕುಮಾರಪರ್ವತ ಮಳೆ ಮತ್ತು ಜಿಗಣೆಗಳ ಪಾಲಾಗಿರುವ ತಿಂಗಳುಗಳಲ್ಲೇ ಅಲ್ಲಿ ಹಿಮ ಕರಗಿ ದಾರಿ ತೆರೆದುಕೊಳ್ಳುತ್ತದೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಟೆಂಟಿನ ಜಿಪ್ ಎಳೆದೊಡನೆ ನೀರು ಕಾಣಬೇಕೆಂಬ ನಮ್ಮ ಹಟದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಹಿಮನದಿಗಳು ಬಂಡೆಯನ್ನು ಕೊರೆದು ಬಿಟ್ಟುಹೋದ ಬೋಗುಣಿಯಂಥ ತಗ್ಗುಗಳಲ್ಲಿ ನಿಂತಿರುವ ಈ ನೀರು ವರ್ಷದ ಬಹುಭಾಗ ಮಂಜುಗಡ್ಡೆಯ ಅಡಿಯಲ್ಲಿರುತ್ತದೆ. ಪೋಷಕಾಂಶಗಳು ತೀರ ಕಡಿಮೆಯಿರುವುದರಿಂದಲೇ ಅದಕ್ಕೆ ಆ ತಿಳಿತನ ಬಂದಿದೆ. ಆದ್ದರಿಂದ ಪಾತ್ರೆ ತೊಳೆದ ಸೋಪು, ದಡಕ್ಕೆ ಹತ್ತಿರದಲ್ಲಿ ತೋಡಿದ ಶೌಚದ ಗುಂಡಿ, ಎಸೆದ ಅನ್ನ, ಇವೆಲ್ಲ ಅಲ್ಲಿ ಪಾಚಿಗೆ ಗೊಬ್ಬರವಾಗುತ್ತವೆ. ಮೂರೂವರೆ ಸಾವಿರ ಮೀಟರಿಗೂ ಮೇಲಿನ ಆ ಚಳಿಯಲ್ಲಿ ಮಲವಾಗಲಿ ಟಿಶ್ಯೂ ಕಾಗದವಾಗಲಿ ಮಲೆನಾಡಿನ ಮಣ್ಣಿನಲ್ಲಿ ಕೊಳೆತಷ್ಟು ಬೇಗ ಕೊಳೆಯುವುದಿಲ್ಲ, ಟೆಂಟಿನಡಿ ಸತ್ತ ಹುಲ್ಲು ಮರಳಿ ಚಿಗುರಲು ಸಿಗುವುದೂ ಕೆಲವೇ ವಾರಗಳು. ಗಂಗಾಬಲ್‌ನಲ್ಲಿ ಇನ್ನೊಂದು ಸಂಗತಿಯಿದೆ: ಕಾಶ್ಮೀರಿ ಪಂಡಿತರು ತಮ್ಮ ಹಿರಿಯರ ಅಸ್ಥಿಯನ್ನು ವಿಸರ್ಜಿಸುತ್ತ ಬಂದಿರುವ ನೀರು ಅದು. ಅಲ್ಲಿ ನೂಡಲ್ಸ್ ಪಾತ್ರೆ ಅದ್ದುವವರಿಗೆ ಇದನ್ನು ಯಾರಾದರೂ ಹೇಳಿರುತ್ತಾರೆಯೇ ಎಂಬ ಅನುಮಾನ ನನಗಿದೆ.

ಅಲೆಮಾರಿ ಕುರಿಗಾಹಿಗಳಾದ ಬಕರ್‌ವಾಲರ ಕುರಿಗಳೂ ಅಲ್ಲೇ ಮೇಯುತ್ತವಲ್ಲ ಎಂದು ಕೇಳುವವರಿದ್ದಾರೆ. ಮೇಯುತ್ತವೆ, ಅತಿಯಾಗಿ ಮೇಯಿಸುವುದರಿಂದಲೂ ಹುಲ್ಲುಗಾವಲಿಗೆ ಪೆಟ್ಟಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅವರಿಗೆ ಆ ಬೇಸಿಗೆ ವರ್ಷದ ದುಡಿಮೆ, ನಮಗೆ ಅದು ರಜೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಅಲ್ಲಿನ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿ, ಪ್ರವಾಸಿಗರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಕುದುರೆಯವರು, ಅಡುಗೆಯವರು, ಗೈಡುಗಳ ಬದುಕು ಚಾರಣವನ್ನೇ ನೆಚ್ಚಿಕೊಂಡಿರುವಾಗ ಅಂಥ ಪೂರ್ಣ ನಿಷೇಧ ನನಗೆ ಸರಿಕಾಣುವುದಿಲ್ಲ. ಟೆಂಟನ್ನು ನೀರಿನಿಂದ ಕನಿಷ್ಠ ಅರವತ್ತು ಎಪ್ಪತ್ತು ಮೀಟರ್ ಹಿಂದಕ್ಕೆ ಸರಿಸಿದರೆ ಯಾರ ಕೂಲಿಯೂ ಕಡಿಮೆಯಾಗುವುದಿಲ್ಲ. ನೀರು ಹೊತ್ತು ತರುವ ಶ್ರಮ ಸ್ವಲ್ಪ ಹೆಚ್ಚುತ್ತದೆ, ಅದಕ್ಕೆ ತಕ್ಕ ಹಣವನ್ನು ನಾವು ಕೊಡಬೇಕು.

ಈ ವರ್ಷ ಹೊರಡುವವರು ಮುಂಗಡ ಕಟ್ಟುವ ಮೊದಲು ಆಯೋಜಕರನ್ನು ಮೂರು ಪ್ರಶ್ನೆ ಕೇಳಿ: ಟೆಂಟ್ ನೀರಿನಿಂದ ಎಷ್ಟು ದೂರ, ಶೌಚದ ಗುಂಡಿ ಎಲ್ಲಿ, ಕಸವನ್ನು ಕೆಳಗೆ ಇಳಿಸುವವರು ಯಾರು? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.