ಚಿಪ್ಸ್ ಗುಡ್ಡೆಗೂ ಸ್ಕೋರ್‌ಬೋರ್ಡಾ?

ನಿನ್ನೆ ಇಲ್ಲಿ ಆಸ್ಟ್ರೇಲಿಯಾದ ಗೀಲಾಂಗ್‌ನಲ್ಲಿ ಗೆಳೆಯರ ಮನೆ ಊಟ. ಬಿಸಿಬೇಳೆಬಾತ್ ಚೆನ್ನಾಗಿತ್ತು, ಮಾತು ಕೆಟ್ಟಿತು. ಒಬ್ಬ ಮಹಾಶಯರು ಫೋನಿನಲ್ಲಿ ಗ್ರಾಫ್ ತೋರಿಸಿದರು. ಮರದ ಚಿಪ್ಸ್, ಅಂದರೆ ಕಾಗದ ಮಾಡೋಕೆ ಕತ್ತರಿಸಿದ ಮರದ ಚೂರುಗಳ ರಫ್ತು, ಆಸ್ಟ್ರೇಲಿಯಾ ಮತ್ತು ವಿಯೆಟ್ನಾಂ. ಆಸ್ಟ್ರೇಲಿಯಾದ ಗೆರೆ ಏಳುತ್ತಾ ಬೀಳುತ್ತಾ ಇದೆ, ವಿಯೆಟ್ನಾಮಿನದು ಸೀದಾ ಗುಡ್ಡ ಹತ್ತಿದೆ. "ನೋಡಿ ಸಾರ್, ಅಷ್ಟು ಸಣ್ಣ ದೇಶ ಹೇಗೆ ಹೊಡೀತು! ಇಲ್ಲಿಯವರು ಸೋಮಾರಿಗಳು" ಅಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಹಪ್ಪಳ ಗಂಟಲಲ್ಲೇ ನಿಂತಿತು.

ಅಲ್ಲ ಸ್ವಾಮಿ, ಇದೇನು ಟಿ20 ಮ್ಯಾಚಾ?

ಇಲ್ಲಿನ ಬಂದರಿನ ಪಕ್ಕ ಹೋದಾಗಲೆಲ್ಲ ಆ ಚಿಪ್ಸ್ ಗುಡ್ಡೆ ನೋಡುತ್ತೇನೆ. ಮೇಲೆ ಓಡಾಡುವ ಬುಲ್ಡೋಜರ್ ಮಕ್ಕಳ ಆಟಿಕೆಯಷ್ಟು ಕಾಣುತ್ತದೆ. ಮಳೆ ಬಿದ್ದರೆ ಒದ್ದೆ ಮರದ ಹುಳಿ ವಾಸನೆ. ಒಂದು ಟನ್ ಅಂದರೆ ಒಂದು ಟನ್, ನಿಜ. ಆದರೆ ಯಾವ ಮರ, ಎಷ್ಟು ವರ್ಷದ ಮರ, ಯಾರು ಕಡಿದದ್ದು? ಗ್ರಾಫ್ ಅದನ್ನು ಹೇಳುವುದಿಲ್ಲ.

1970ರ ಹೊತ್ತಿಗೆ ಇಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದ ಈಡನ್ ಬಂದರಿನಿಂದ ಜಪಾನಿಗೆ ಚಿಪ್ಸ್ ಹೊರಟಾಗ ಕಡಿದದ್ದು ಹಳೇ ಕಾಡು. ತಾತನ ಕಾಲದ ಮರಗಳು ಕಾಗದವಾಗಿ ಹೋದವು. ಟ್ಯಾಸ್ಮೇನಿಯಾ ರಾಜ್ಯದಲ್ಲೂ ಹಳೇ ಕಾಡು ಕಡಿಯೋದರ ಬಗ್ಗೆ ದಶಕಗಟ್ಟಲೆ ಜಗಳ. ಆಮೇಲೆ ನೀಲಗಿರಿ ನೆಡುತೋಪಿನ ಹುಚ್ಚು. ಮರಕ್ಕಿಂತ ಹೆಚ್ಚಾಗಿ ತೆರಿಗೆ ಉಳಿಸೋಕೆ ಅಂತ ಜನ ದುಡ್ಡು ಹಾಕಿದರು. 2009ರಲ್ಲಿ ಟಿಂಬರ್‌ಕಾರ್ಪ್, ಗ್ರೇಟ್ ಸದರ್ನ್ ಅನ್ನೋ ನೆಡುತೋಪಿನ ಕಂಪನಿಗಳು ಎರಡೂ ಮಕಾಡೆ ಮಲಗಿದವು. 2024ರ ಜನವರಿಯಿಂದ ನಮ್ಮ ವಿಕ್ಟೋರಿಯಾದಲ್ಲಿ ಸರ್ಕಾರಿ ಸಹಜ ಕಾಡು ಕಡಿಯುವುದೇ ಬಂದ್. ಅದರಿಂದ ಗೆರೆ ಇಳಿದರೆ ಅದು ಸೋಮಾರಿತನವಾ?

ಈಗ ಆ ಕಡೆ. 2001ರ ಸುಮಾರಿಗೆ ವಿಯೆಟ್ನಾಂ ಕಳಿಸುತ್ತಿದ್ದದ್ದು ಹತ್ತಿರ ಹತ್ತಿರ 4 ಲಕ್ಷ ಟನ್. 2011ಕ್ಕೆ 50 ಲಕ್ಷ ದಾಟಿತು, 2022ಕ್ಕೆ 1.5 ಕೋಟಿ. ಬಹುಪಾಲು ಅಕೇಶಿಯಾ. ತಮಾಷೆ ಗೊತ್ತಾ? ಆ ಹೈಬ್ರಿಡ್ ಅಕೇಶಿಯಾದ ಅಪ್ಪ ಅಮ್ಮ ಇಬ್ಬರೂ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯವರು!

"ರೈತರಿಗೆ ದುಡ್ಡು ಬರುತ್ತಲ್ಲ" ಅಂತೀರಿ. ಬರುತ್ತೆ, ಯಾರು ಇಲ್ಲ ಅಂದರು? ಆದರೆ ಒಂದೆರಡು ಹೆಕ್ಟೇರಿನವರು ನಾಲ್ಕೈದು ವರ್ಷಕ್ಕೇ ಮರ ಉರುಳಿಸುತ್ತಾರೆ. ಕೈಯಲ್ಲಿ ಕಾಸಿಲ್ಲ, ಚಂಡಮಾರುತದ ಭಯ ಬೇರೆ. ಹತ್ತು ವರ್ಷ ಬಿಟ್ಟರೆ ಪೀಠೋಪಕರಣಕ್ಕೆ ದಿಮ್ಮಿ ಆಗುತ್ತದೆ, ಬೆಲೆ ಜಾಸ್ತಿ. ಅಲ್ಲಿನ ಪೀಠೋಪಕರಣ ಕಾರ್ಖಾನೆಗಳೋ ಹೊರದೇಶದಿಂದ ಮರ ತರಿಸುತ್ತವೆ. ಅದಕ್ಕೇ ಸರ್ಕಾರ ಚಿಪ್ಸ್ ರಫ್ತಿಗೆ ತೆರಿಗೆ ಹಾಕಿತು. ಗೆದ್ದವರು ತಮ್ಮ ಗೆಲುವಿಗೇ ತೆರಿಗೆ ಹಾಕಿಕೊಳ್ಳುತ್ತಾರಾ?

ಇಷ್ಟೆಲ್ಲ ಊಟದ ಮನೆಯಲ್ಲಿ ಹೇಳಲಿಲ್ಲ. "ಹೌದಾ" ಅಂದೆ, ಮೊಸರನ್ನ ಹಾಕಿಸಿಕೊಂಡೆ. ಹೇಡಿ ನಾನು.

ಇನ್ನೊಂದು ಕಾರಣವೂ ಇತ್ತು. ನಾನು ಮಲೆನಾಡಿನವನು ಅಂತ ನಿಮಗೆಲ್ಲ ಗೊತ್ತು. ಭದ್ರಾವತಿ ಪೇಪರ್ ಮಿಲ್ಲಿಗೆ ಅಂತ ನೆಟ್ಟ ಅಕೇಶಿಯಾ ಗುಡ್ಡಗಳನ್ನು ಬೈಯುತ್ತಲೇ ಬೆಳೆದವನು. ಅಮ್ಮ ಅದರ ದರಗನ್ನು ಕೊಟ್ಟಿಗೆಗೆ ಹಾಕುತ್ತಿರಲಿಲ್ಲ, ಕೊಳೆಯೋದೇ ಇಲ್ಲ ಅಂತ. ಆದರೆ ನನ್ನ ಕೊನೇ ವರ್ಷದ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಮನೆ ಹಿಂದೆ ಅಪ್ಪ ನೆಟ್ಟಿದ್ದ ಅಕೇಶಿಯಾ ಮಾರಿ. ಇನ್ನೂ ನಾಲ್ಕು ವರ್ಷ ಬಿಟ್ಟಿದ್ದರೆ ಒಳ್ಳೇ ರೇಟು ಸಿಗುತ್ತಿತ್ತು. ಕಾಲೇಜಿನವರು ನಾಲ್ಕು ವರ್ಷ ಕಾಯುತ್ತಿದ್ದರಾ?

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಆ ಜಾಗದಲ್ಲಿ ಬೀಜ ಬಿದ್ದು ಮತ್ತೆ ಸಸಿ ಎದ್ದಿವೆಯಂತೆ. "ಬಿಡೋದೋ, ಕೀಳೋದೋ ಮಾರಾಯ?" ಅಂದರು. ನಾನಿನ್ನೂ ಏನೂ ಹೇಳಿಲ್ಲ.