ನಾಲ್ಕು ಗುಂಟೆಯ ತೋಟ, ಪೇವರ್ ಹಾಕಿದ ಹಿತ್ತಲು

ನಮ್ಮೂರು ಗದಗ. ಈಗ ಇರೋದು ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಮೂರನೇ ಮಹಡಿಯ ಫ್ಲಾಟಿನಲ್ಲಿ. ಸೈಕಲ್ ಹತ್ತಿ ಹತ್ತು ನಿಮಿಷ ಹೋದರೆ ನಮ್ಮದೊಂದು ತೋಟ ಸಿಗುತ್ತದೆ. ಸ್ವಂತದ್ದಲ್ಲ, ತೋಟದವರ ಸಂಘದಿಂದ ಬಾಡಿಗೆಗೆ ತಗೊಂಡದ್ದು.

ಇಲ್ಲಿ ಇದಕ್ಕೆ ಶ್ರೇಬರ್‌ಗಾರ್ಟನ್ ಅಂತಾರೆ. ಶ್ರೇಬರ್ ಇದೇ ಊರಿನ ಡಾಕ್ಟರ್. ಅವರು ತೀರಿಕೊಂಡ ಮೇಲೆ, 1864ರಲ್ಲಿ, ಅವರ ಹೆಸರಿನಲ್ಲಿ ಒಂದು ಸಂಘ ಹುಟ್ಟಿತು. ಮೊದಲು ಮಾಡಿದ್ದು ಮಕ್ಕಳಿಗೆ ಆಟದ ಬಯಲು, ಆಮೇಲೆ ಅದರ ಅಂಚಿಗೆ ಮಕ್ಕಳಿಗೇ ಅಂತ ಸಣ್ಣ ಸಣ್ಣ ಮಡಿ, ಮಕ್ಕಳು ಬೇಸರಾಗಿ ಕಳೆ ಕೀಳೋದು ಬಿಟ್ಟಾಗ ಅಪ್ಪ ಅಮ್ಮ ಬಂದು ಕೈ ಹಾಕಿದರು, ಹಾಗೇ ಅದು ಮನೆಮಂದಿಯ ತೋಟ ಆಯಿತು.

ಇದಕ್ಕೆ ದೇಶದ ಕಾನೂನೇ ಇದೆ. ತೋಟ 400 ಚದರ ಮೀಟರ್ ದಾಟಬಾರದು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು ಗುಂಟೆ. ಒಳಗಿನ ಸಣ್ಣ ಮನೆ 24 ಚದರ ಮೀಟರ್ ಒಳಗಿರಬೇಕು, ಅಲ್ಲಿ ಸಂಸಾರ ಹೂಡುವ ಹಾಗಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಮಾತು. ಸುಮಾರು ಮೂರರಲ್ಲಿ ಒಂದು ಪಾಲು ಜಾಗದಲ್ಲಿ ತಿನ್ನೋದನ್ನೇ ಬೆಳೆಯಬೇಕು, ಕಾಯಿಪಲ್ಯವೋ ಹಣ್ಣೋ. ಸುಮ್ನೆ ಹುಲ್ಲು ಹಾಸಿ ಕುರ್ಚಿ ಹಾಕಿಕೊಂಡು ಕೂರೋಕೆ ಬಿಡೋದಿಲ್ಲ.

ಮೊದಲನೇ ವರ್ಷ ಏಪ್ರಿಲ್ ಕೊನೆಗೆ ಬಿಸಿಲು ನೋಡಿ ಟೊಮೆಟೊ ಸಸಿ ನೆಟ್ಟೆ. ಒಂದೇ ರಾತ್ರಿ ಬಿದ್ದ ಹಿಮಕ್ಕೆ ಎಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದವು. ಪಕ್ಕದ ತೋಟದ ಅಜ್ಜಿ ಮಾರನೇ ವಾರ ಆರು ಸಸಿ ತಂದುಕೊಟ್ಟು, ಸೋಫಿ ಹೋಗೋವರೆಗೆ ಹೊರಗೆ ನೆಡಬೇಡ ಅಂದರು. ಸೋಫಿ ಅಂದರೆ ಮೇ 15, ಚಳಿಯ ಸಂತರು ಅಂತ ಇವರು ಕರೆಯೋ ದಿನಗಳಲ್ಲಿ ಕೊನೆಯದು. ಕೇಳಿ ಬಹಳ ಖುಷಿಯಾಯಿತು. ನಮ್ಮಲ್ಲೂ ಹೀಗೇ ಅಲ್ವಾ? ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಅಂತ ನಮ್ಮಜ್ಜ ಮುಗಿಲು ನೋಡುತ್ತ ಕೂತಿರುತ್ತಿದ್ದ.

ಟೊಮೆಟೊದಂಥ ಚಳಿ ತಡೆಯದ ಗಿಡಗಳನ್ನು ಇಲ್ಲಿ ಹೊರಗೆ ಬೆಳೆಯೋಕೆ ಸಿಗೋದು ಸುಮಾರು ಐದು ತಿಂಗಳು. ಅದಕ್ಕೇ ಒಂದು ಸಂಜೆಯನ್ನೂ ಇವರು ಹಾಳು ಮಾಡೋದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಹೊತ್ತು ಮುಳುಗುತ್ತದೆ, ಅಲ್ಲೀತನಕ ಜನ ತೋಟದಲ್ಲೇ. ಊಟಕ್ಕೆ ಮೂರು ವಾರ ಮೊದಲೇ ಕರೀತಾರೆ. ಮೂರು ಗಂಟೆ ಅಂದರೆ ಮೂರಕ್ಕೆ ಬರುತ್ತಾರೆ. ಒಬ್ಬರ ಕೈಯಲ್ಲಿ ಆಲೂಗಡ್ಡೆ ಸಲಾಡ್, ಇನ್ನೊಬ್ಬರ ಕೈಯಲ್ಲಿ ಕೇಕ್. ಕರೆದ ಮನೆಯ ಹೆಂಗಸು ಒಲೆ ಮುಂದೆ ನಿಲ್ಲದೆ ಎಲ್ಲರ ಜೊತೆ ಕೂತು ಉಣ್ಣುತ್ತಾಳೆ. ಇದನ್ನು ನಾವು ಕಲಿಯಲೇಬೇಕು.

ಆದರೆ ಎಳ್ಳಮವಾಸ್ಯೆಯ ಊಟ ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮೂರಲ್ಲಿ ಎಂಟು ದಿನ ಮೊದಲೇ ಓಣಿಯ ಹೆಂಗಸರು ಸೇರಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯೋರು. ಆ ದಿನ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು, ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡೋದು, ಆಮೇಲೆ ಎದೆಯೆತ್ತರ ನಿಂತ ಬಿಳಿಜೋಳದ ನಡುವೆ ಚರಗ, ಅಂದರೆ ಭೂಮಿತಾಯಿಗೆ ಅಂತ ಎತ್ತಿಟ್ಟ ಅಡುಗೆ, ಚೆಲ್ಲುತ್ತ ಹೊಲ ಸುತ್ತೋದು. ಆಗ ಭೂಮಿ ಬಸುರಿ, ಮೊದಲ ತುತ್ತು ಅವಳಿಗೆ. ಆಮೇಲೇ ನಮಗೆ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಕೈಗೆ ಸಿಕ್ಕ ಹಕ್ಕರಕಿ ಸೊಪ್ಪು. ಬದುವಿನ ಮೇಲೆ ಯಾರೇ ಹೋಗುತ್ತಿರಲಿ, "ಬರ್ರಿ, ಒಂದ್ ರೊಟ್ಟಿ ತಿಂದ್ ಹೋಗ್ರಿ" ಅಂತ ಅಪ್ಪ ಕೂಗುತ್ತಿದ್ದ. ಮೂರು ವಾರ ಮೊದಲು ಹೇಳಿದ ಊಟದಲ್ಲಿ ಆ ರುಚಿ ನನಗೆ ಇನ್ನೂ ಸಿಕ್ಕಿಲ್ಲ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ಅಣ್ಣನ ಹೊಸ ಮನೆಗೆ ಹೋದೆ. ಮೂವತ್ತು ನಲವತ್ತರ ಸೈಟು, ಗೇಟಿನಿಂದ ಹಿಂದಿನ ಗೋಡೆವರೆಗೆ ಪೇವರ್. ಒಂದು ಹಿಡಿ ಮಣ್ಣಿಲ್ಲ. ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಬೇಕಂದರೆ ಅಂಗಡಿಗೆ ಹೋಗಬೇಕು. ಯಾಕೆ ಹೀಗೆ ಅಂತ ಕೇಳಿದರೆ ಅಣ್ಣ, "ಎಲಿ ಬೀಳ್ತಾವು, ದಿನಾ ಕಸಾ ಯಾರ್ ಹೊಡಿಯೋರು? ನೀರರೇ ದಿನಾ ಎಲ್ಲಿ ಬರ್ತಾವು?" ಅಂದ. ನೀರಿನ ಮಾತು ಖರೇ, ಇಷ್ಟು ದೂರ ಕೂತು ನಾನು ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಗದಗಿನಲ್ಲಿ ನೀರು ಇದಕ್ಕಿಂತ ಕಡಿಮೆ ಇದ್ದ ದಿನಗಳಲ್ಲೇ ಅವ್ವ ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿದ್ದಳು, ಅಕ್ಕಿ ತೊಳೆದ ನೀರು ಕರಿಬೇವಿಗೆ ಹೋಗುತ್ತಿತ್ತು, ನುಗ್ಗೆಗಂತೂ ಯಾರೂ ಬೇರೆ ನೀರು ಹಾಕಿದ್ದೇ ನೆನಪಿಲ್ಲ. ಸಂಜೆ ಆ ಬಾಳೆ ಪಕ್ಕದ ಕಲ್ಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತ ಓಣಿಯವರೆಲ್ಲ ಹರಟುತ್ತಿದ್ದರು.

ಹುಬ್ಬಳ್ಳಿ-ಧಾರವಾಡದಲ್ಲಿ ವರ್ಷಪೂರ್ತಿ ಬಿಸಿಲಿದೆ. ನಾನಿಲ್ಲಿ ಫೆಬ್ರವರಿಯಲ್ಲೇ ಕಿಟಕಿ ಹತ್ತಿರ ಮೊಸರಿನ ಡಬ್ಬಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೀಜ ಹಾಕಿ, ಮೊಳಕೆ ಬಂತಾ ಅಂತ ದಿನಾ ಇಣುಕುತ್ತೇನೆ. ಅಂಥ ಬಿಸಿಲನ್ನು ಪೇವರ್ ಮೇಲೆ ಸುಮ್ನೆ ಕಾಯಲು ಬಿಟ್ಟರೆ ಹೊಟ್ಟೆ ಉರಿಯುತ್ತದೆ. ಮೂರರಲ್ಲಿ ಒಂದು ಪಾಲು ಬೇಡ, ಗೋಡೆಗುಂಟ ಎರಡು ಅಡಿ ಮಣ್ಣು ಬಿಡಲಿ ಸಾಕು.

ಡಿಸೆಂಬರ್‌ನಲ್ಲಿ ರಜೆ ಹಾಕಿದ್ದೇನೆ. ಹಿಂದಿನ ಎರಡು ಸಾಲು ಪೇವರ್ ಕಿತ್ತು ನುಗ್ಗಿ ಟೊಂಗಿ ಊರೋಣ ಅಂತ ಫೋನಿನಲ್ಲಿ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾ, ಅಡಿಗಿ ಮನಿ ನೀರು ಹೋಗೂ ಕಡೆ ಕೀಳೂಣು" ಅಂದ.